ಪಾಲಿಹೌಸ್ ಸೌತೆಯ ತಳಿ ಹೋಲಿಕೆ: ಬೀಜಕ್ಕೆ ಪತ್ರ ಬರೆದಲ್ಲಿಂದ ಮೌಖಿಕ ಪರೀಕ್ಷೆಯವರೆಗೆ

ತೋಟಗಾರಿಕೆಯ ಸ್ನಾತಕೋತ್ತರ ಪದವಿಗಾಗಿ ನಾನು ಕೈಗೊಂಡಿದ್ದ ಪಾಲಿಹೌಸ್ (ಪಾಲಿಥೀನ್ ಹಾಳೆ ಹೊದಿಸಿದ ಹಸಿರುಮನೆ) ಸೌತೆಯ ಹೈಬ್ರಿಡ್ ತಳಿಗಳ ಮೌಲ್ಯಮಾಪನ ಕಳೆದ ತಿಂಗಳು ಮುಗಿಯಿತು. ಪ್ರಬಂಧ ಸಲ್ಲಿಕೆಯಾಗಿದೆ, ಮೌಖಿಕ ಪರೀಕ್ಷೆಯೂ ಆಗಿದೆ. ಈ ವಿಷಯದ ಹಳೆಯ ಪ್ರಬಂಧಗಳು ಗ್ರಂಥಾಲಯದಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳಲ್ಲಿನ 'ಸಾಮಗ್ರಿ ಮತ್ತು ವಿಧಾನ' ಎಂಬ ಅಧ್ಯಾಯವನ್ನು ಓದಿದವರಿಗೆ ಬೀಜ ತಾನಾಗಿಯೇ ಬಂದು ಸೇರಿ, ಮಡಿ ತಾನಾಗಿಯೇ ಸಿದ್ಧವಾಗಿ, ಕಾಯಿ ತಾನಾಗಿಯೇ ತಕ್ಕಡಿ ಏರಿತೆಂಬ ಭಾವನೆ ಬರುತ್ತದೆ. ಆ ಅಧ್ಯಾಯದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದಿನ ವರ್ಷ ಇದೇ ವಿಷಯ ಹಿಡಿಯುವ ವಿದ್ಯಾರ್ಥಿಗಳಿಗೂ, ಹತ್ತಿಪ್ಪತ್ತು ಗುಂಟೆಯ ಪಾಲಿಹೌಸ್ ಇಟ್ಟುಕೊಂಡು ಪ್ರತಿ ಹಂಗಾಮಿನಲ್ಲೂ 'ಈ ಸಲ ಯಾವ ಬೀಜ ಹಾಕೋಣ' ಎಂದು ಯೋಚಿಸುವ ರೈತರಿಗೂ ಇದು ಉಪಯೋಗವಾಗಬಹುದು. ನನ್ನ ಅನುಭವದಲ್ಲಿ ಈ ಕೆಲಸದ ಕಷ್ಟವಿರುವುದು ತಳಿಗಳನ್ನು ಅಳೆಯುವುದರಲ್ಲಲ್ಲ. ತಳಿಗಳ ಹೆಸರಿನಲ್ಲಿ ಪಾಲಿಹೌಸಿನ ಮೂಲೆ, ಗಾಳಿ, ನೀರು ಮತ್ತು ಮಣ್ಣಿನ ವ್ಯತ್ಯಾಸವನ್ನೇ ಅಳೆದು ಬರೆಯದಂತೆ ನೋಡಿಕೊಳ್ಳುವುದರಲ್ಲಿ.

ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಗುಲಾಬಿಗೆ, ದಪ್ಪಮೆಣಸಿನಕಾಯಿಗೆ ಎಂದು ಕಟ್ಟಿಸಿದ ಪಾಲಿಹೌಸ್‌ಗಳಲ್ಲಿ ಈಗ ಸೌತೆಯೂ ಬೆಳೆಯುತ್ತದೆ. ಬಿತ್ತಿದ 35ರಿಂದ 45 ದಿನಗಳೊಳಗೆ ಮೊದಲ ಕೊಯ್ಲು ಸಿಗುವುದು, ಮೂರು ಮೂರೂವರೆ ತಿಂಗಳಲ್ಲಿ ಬೆಳೆ ಮುಗಿದು ಪಾಲಿಹೌಸ್ ಖಾಲಿಯಾಗುವುದು ಇದಕ್ಕೆ ಕಾರಣ. ಇಲ್ಲಿ ಬೆಳೆಯುವುದು ಬಯಲಿನ ನಾಟಿ ಸೌತೆಯಲ್ಲ. ಬಹುತೇಕ ಹೆಣ್ಣು ಹೂಗಳನ್ನೇ ಬಿಡುವ, ಪರಾಗಸ್ಪರ್ಶವಿಲ್ಲದೆಯೇ ಕಾಯಿ ಕಚ್ಚುವ ಪಾರ್ಥೆನೋಕಾರ್ಪಿಕ್ ತಳಿಗಳು ಇಲ್ಲಿಗೆ ಬೇಕು, ಏಕೆಂದರೆ ಕೀಟಬಲೆ ಹೊದಿಸಿದ ಮನೆಯೊಳಗೆ ಜೇನುನೊಣ ಬರುವುದಿಲ್ಲ. ಬೀಜದಂಗಡಿಯಲ್ಲಿ 'ಹೆಣ್ಣು ಹೂವಿನ ತಳಿ' ಎಂದಷ್ಟೇ ಹೇಳಿ ಕೊಡುವ ಪೊಟ್ಟಣಗಳೆಲ್ಲ ಪಾಲಿಹೌಸಿಗೆ ಒಗ್ಗುತ್ತವೆ ಎಂದು ತಿಳಿಯಬಾರದು. ಹೆಣ್ಣು ಹೂ ಬಿಡುವ ಗುಣವೇ ಬೇರೆ, ಪರಾಗವಿಲ್ಲದೆ ಕಾಯಿಯಾಗುವ ಗುಣವೇ ಬೇರೆ. ಮೊದಲನೆಯದು ಮಾತ್ರ ಇದ್ದರೆ ಬಳ್ಳಿಯ ತುಂಬ ಹೂ ಕಾಣುತ್ತದೆ, ಪೀಚುಗಳೆಲ್ಲ ಹಳದಿಯಾಗಿ ಉದುರುತ್ತವೆ.

ಮೊದಲ ಹಂತ ಸಂಶೋಧನಾ ರೂಪರೇಷೆಯದು. ಸಲಹಾ ಸಮಿತಿ ರಚನೆಯಾಗಿ, ಅದರ ಎಲ್ಲ ಸದಸ್ಯರ ಸಹಿ ಬಿದ್ದು, ವಿಭಾಗದ ವಿಚಾರಗೋಷ್ಠಿಯಲ್ಲಿ ಮಂಡಿಸಿ, ಅಲ್ಲಿಂದ ಮೇಲಿನ ಕಚೇರಿಯ ಒಪ್ಪಿಗೆ ಬರುವಷ್ಟರಲ್ಲಿ ಒಂದು ಹಂಗಾಮು ಕೈತಪ್ಪುವ ಸಂಭವವಿದೆ. ಸಮಿತಿಯ ಸದಸ್ಯರೊಬ್ಬರು ಬೇರೆ ಕ್ಯಾಂಪಸ್‌ನವರಾಗಿದ್ದರೆ ಸಹಿಯ ಕಾಗದ ಅಂಚೆಯಲ್ಲಿ ಹೋಗಿ ಬರುವುದಕ್ಕೆ ಕಾಯಬೇಡಿ, ನೀವೇ ಹೋಗಿ ಬನ್ನಿ. ರೂಪರೇಷೆಯಲ್ಲಿ ತಳಿಗಳ ಸಂಖ್ಯೆಯನ್ನು ಆಸೆಯಿಂದಲ್ಲ, ಲೆಕ್ಕದಿಂದ ನಿರ್ಧರಿಸಬೇಕು. ಸಂಖ್ಯಾಶಾಸ್ತ್ರದ ಮೇಷ್ಟ್ರು ಎಲ್ಲರಿಗೂ ಹೇಳುವ ನಿಯಮವೊಂದಿದೆ: ಎರರ್ ಡಿಗ್ರಿ ಆಫ್ ಫ್ರೀಡಂ (ಪ್ರಯೋಗದ ಆಕಸ್ಮಿಕ ಏರುಪೇರನ್ನು ಅಂದಾಜಿಸಲು ಉಳಿಯುವ ಸ್ವತಂತ್ರ ಅಂಕಿಗಳ ಸಂಖ್ಯೆ) 12ಕ್ಕಿಂತ ಕಡಿಮೆ ಇರಬಾರದು. ಜಾಗವನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನಲ್ಲೂ ಎಲ್ಲ ತಳಿಗಳನ್ನು ಚೀಟಿ ಎತ್ತಿದಂತೆ ಹಂಚುವ ಯಾದೃಚ್ಛಿಕ ಗುಂಪು ವಿನ್ಯಾಸದಲ್ಲಿ ತಳಿಗಳ ಸಂಖ್ಯೆಯಲ್ಲಿ ಒಂದು ಕಳೆದು, ಪುನರಾವರ್ತನೆಗಳ (ಅಂದರೆ ಗುಂಪುಗಳ) ಸಂಖ್ಯೆಯಲ್ಲೂ ಒಂದು ಕಳೆದು ಗುಣಿಸಿದರೆ ಅದು ಸಿಗುತ್ತದೆ. ನನ್ನ 8 ತಳಿ, 3 ಪುನರಾವರ್ತನೆಗೆ 7 ಗುಣಿಸು 2, ಅಂದರೆ 14 ಬಂತು. ಐದೇ ತಳಿ ಇಟ್ಟುಕೊಳ್ಳುವವರು ಮೂರು ಪುನರಾವರ್ತನೆಗೆ ನಿಂತರೆ 8 ಮಾತ್ರ ಬರುತ್ತದೆ. ಅವರು ನಾಲ್ಕು ಇಡಬೇಕು. ಹನ್ನೆರಡು ಹದಿನೈದು ತಳಿ ಸೇರಿಸಿದರೆ ಪ್ರಬಂಧ ತೂಕವಾಗಿ ಕಾಣುತ್ತದೆ, ನಿಜ. ಕೊಯ್ಲು ಶುರುವಾದ ಮೇಲೆ ಅಷ್ಟನ್ನು ಒಂದೇ ಬೆಳಗಿನಲ್ಲಿ ಎಣಿಸಿ ತೂಗಲು ಒಬ್ಬರಿಂದ ಆಗುವುದಿಲ್ಲ.

ಬೀಜ ಸಂಗ್ರಹಣೆಗೆ ಹಿಡಿದಷ್ಟು ಕಾಲ ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಮಾರುಕಟ್ಟೆಯಲ್ಲಿ ಮಲ್ಟಿಸ್ಟಾರ್, ಕಿಯಾನ್, ಹಿಲ್ಟನ್ ಮುಂತಾದ ಖಾಸಗಿ ಹೈಬ್ರಿಡ್‌ಗಳ ಹೆಸರು ಕೇಳಿಬರುತ್ತದೆ. ಸಾರ್ವಜನಿಕ ಸಂಸ್ಥೆಗಳ ಪೈಕಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಪಾರ್ಥೆನೋಕಾರ್ಪಿಕ್ ಕುಕುಂಬರ್-6, ಪಂತನಗರ ವಿಶ್ವವಿದ್ಯಾಲಯದ ಪಂತ್ ಪಾರ್ಥೆನೋಕಾರ್ಪಿಕ್ ಕುಕುಂಬರ್-2 ಮತ್ತು 3, ಕೇರಳ ಕೃಷಿ ವಿಶ್ವವಿದ್ಯಾಲಯದ ಕೆಪಿಸಿಎಚ್-1 ಇವೆ. ಖಾಸಗಿ ಬೀಜದ ಬೆಲೆ ನಾನು ಕೊಂಡಾಗ ಒಂದು ಬೀಜಕ್ಕೆ 6ರಿಂದ 9 ರೂಪಾಯಿ ಇತ್ತು. ಕೆಜಿ ಲೆಕ್ಕವಲ್ಲ, ಬೀಜದ ಲೆಕ್ಕ. ಪೊಟ್ಟಣಗಳು ಬರುವುದು 500 ಅಥವಾ 1000 ಬೀಜಕ್ಕೆ. ನನಗೆ ಪ್ರತಿ ತಳಿಯಿಂದ ಬೇಕಾಗಿದ್ದದ್ದು 60 ಬಳ್ಳಿ. ಸಸಿಮಡಿಯಲ್ಲಿ ಆಗುವ ನಷ್ಟ ಸೇರಿಸಿದರೂ 80 ಬೀಜ ಸಾಕು. ಹೀಗಾಗಿ ಎಂಟು ತಳಿಗೂ ಪೂರ್ತಿ ಪೊಟ್ಟಣ ಕೊಳ್ಳುವುದು ಫೆಲೋಶಿಪ್ ಹಣವನ್ನೇ ನುಂಗುವ ಮಾತು. ವಿಭಾಗದ ಮುಖ್ಯಸ್ಥರ ಸಹಿಯುಳ್ಳ ಪತ್ರ ಕಳಿಸಿದರೆ ಕೆಲವು ಕಂಪನಿಗಳು ನೂರಿನ್ನೂರು ಬೀಜದ ಮಾದರಿ ಪೊಟ್ಟಣವನ್ನು ಉಚಿತವಾಗಿಯೇ ಕೊಡುತ್ತವೆ. ಕೊಡದ ಕಡೆ ನಾನು ಕಂಡುಕೊಂಡ ದಾರಿ ಹತ್ತಿರದ ಬೆಳೆಗಾರರ ಜೊತೆ ಪೊಟ್ಟಣ ಹಂಚಿಕೊಳ್ಳುವುದು.

ಒಂದು ಕಂಪನಿಯವರು ಬೀಜ ಕೊಡುವ ಮೊದಲು ಒಪ್ಪಂದ ಪತ್ರವೊಂದಕ್ಕೆ ಸಹಿ ಕೇಳಿದರು. ಪ್ರಯೋಗದ ಫಲಿತಾಂಶವನ್ನು ಪ್ರಕಟಿಸುವ ಮುನ್ನ ತಮ್ಮ ಒಪ್ಪಿಗೆ ಪಡೆಯಬೇಕೆಂಬ ಷರತ್ತು ಅದರಲ್ಲಿತ್ತು. ಸಮಿತಿ ಇದನ್ನು ಒಪ್ಪಲಿಲ್ಲ. ಪತ್ರವ್ಯವಹಾರದಲ್ಲೇ ವಾರಗಳು ಕಳೆದು, ಕೊನೆಗೆ ಅದೇ ತಳಿಯನ್ನು ಅಂಗಡಿಯಲ್ಲಿ ಹಣ ಕೊಟ್ಟು ತಂದೆವು. ಇಂಥ ಪತ್ರ ಬಂದರೆ ನೀವಾಗಿಯೇ ಸಹಿ ಹಾಕಬೇಡಿ, ಮಾರ್ಗದರ್ಶಕರಿಗೆ ತೋರಿಸಿ. ಅಂಗಡಿಯಲ್ಲಿ ಕೊಂಡರೆ ಬಿಲ್ಲಿನಲ್ಲಿ ತಳಿಯ ಹೆಸರಿನ ಜೊತೆ ಲಾಟ್ ಸಂಖ್ಯೆಯನ್ನೂ ಬರೆಸಿಕೊಳ್ಳಿ, ಪೊಟ್ಟಣದ ಮೇಲಿನ ಚೀಟಿಯನ್ನು ಹರಿಯದೆ ನೋಟುಬುಕ್ಕಿಗೆ ಅಂಟಿಸಿಡಿ. ಮೊಳಕೆ ಕಡಿಮೆ ಬಂದರೆ ಮಾತಾಡಲು ಉಳಿಯುವ ಆಧಾರ ಅದೊಂದೇ. ರೈತರಿಗೂ ಇದೇ ಮಾತು ಅನ್ವಯಿಸುತ್ತದೆ.

ಬೀಜ ದುಬಾರಿಯಾಗಲು ಕಾರಣವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಕೇಳಿದ ರೈತರೆಲ್ಲ ಇದನ್ನು ಬರಿಯ ಕಂಪನಿಯ ಲಾಭವೆಂದೇ ತಿಳಿದಿದ್ದರು. ಹೆಣ್ಣು ಹೂವನ್ನೇ ಬಿಡುವ ತಾಯಿ ಸಾಲನ್ನು ಉಳಿಸಿಕೊಳ್ಳಬೇಕಾದರೆ ಅದರಲ್ಲಿ ಹೇಗಾದರೂ ಗಂಡು ಹೂ ಬರಿಸಬೇಕು. ಸಿಲ್ವರ್ ಥಯೋಸಲ್ಫೇಟ್ ಅಥವಾ ಜಿಬ್ಬರೆಲಿಕ್ ಆಮ್ಲ ಸಿಂಪಡಿಸಿ ಅದನ್ನು ಸಾಧಿಸುತ್ತಾರೆ. ಆಮೇಲೆ ಸಂಕರಣ, ಹೂವಿನಿಂದ ಹೂವಿಗೆ ಕೈಯಲ್ಲೇ ನಡೆಯುವ ಕೆಲಸ. ಪಾಲಿಹೌಸಿನ ಕಾಯಿಯಲ್ಲಿ ಬೀಜವೇ ಕಟ್ಟದ ಕಾರಣ ಮನೆಯಲ್ಲಿ ಬೀಜ ಮಾಡಿಕೊಳ್ಳುವ ಪ್ರಶ್ನೆಯೂ ಇಲ್ಲ.

ಬೀಜಕ್ಕಾಗಿ ಕಾಯುತ್ತಿದ್ದ ಅವಧಿಯಲ್ಲಿ ಪಾಲಿಹೌಸನ್ನು ಪರೀಕ್ಷಿಸಿದೆವು, ಮತ್ತು ಇಡೀ ಪ್ರಯೋಗವನ್ನು ಉಳಿಸಿದ್ದು ಈ ಕೆಲಸವೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ನಮಗೆ ಸಿಕ್ಕಿದ್ದು ಸಹಜ ಗಾಳಿಯಾಡುವ, ಹಿಂದೆ ದಪ್ಪಮೆಣಸಿನಕಾಯಿ ಮತ್ತು ಟೊಮೆಟೊ ಬೆಳೆದ ಹಳೆಯ ಪಾಲಿಹೌಸ್. ನಮ್ಮ ಕಡೆಯ ಪಾಲಿಹೌಸ್‌ಗಳ ದೊಡ್ಡ ಶತ್ರು ಬೇರುಗಂಟು ಜಂತುಹುಳು. ವರ್ಷವಿಡೀ ನೀರು, ಬೆಚ್ಚಗಿನ ಮಣ್ಣು, ಬೆಳೆಯ ಮೇಲೆ ಬೆಳೆ ಇದ್ದಲ್ಲಿ ಅದು ಮನೆ ಮಾಡಿಕೊಳ್ಳುತ್ತದೆ, ಸೌತೆಯ ಬೇರೆಂದರೆ ಅದಕ್ಕೆ ಇಷ್ಟ. ತೊಂದರೆಯೆಂದರೆ ಅದು ಇಡೀ ಮನೆಯಲ್ಲಿ ಸಮನಾಗಿ ಇರುವುದಿಲ್ಲ, ಅಲ್ಲಲ್ಲಿ ಮಡುಗಟ್ಟಿರುತ್ತದೆ. ಅಂಥ ಜಾಗದಲ್ಲಿ ಯಾವ ತಳಿ ಬಿದ್ದರೂ ಅದು ಕಳಪೆ ತಳಿಯೆಂದೇ ದಾಖಲಾಗುತ್ತದೆ. ಪ್ರತಿ ಮಡಿಯ ಬೇರೆ ಬೇರೆ ಕಡೆಯಿಂದ 15ರಿಂದ 20 ಸೆಂಟಿಮೀಟರ್ ಆಳದ ಮಣ್ಣು ತೆಗೆದು, ಕುಂಡಗಳಲ್ಲಿ ತುಂಬಿ, ಟೊಮೆಟೊ ಸಸಿ ನೆಟ್ಟು, ಐದಾರು ವಾರ ಬಿಟ್ಟು ಕಿತ್ತು ನೋಡಿದೆವು. ಮಣ್ಣು ತೊಳೆದಾಗ ಕೆಲವು ಕುಂಡಗಳ ಬೇರು ಬಿಳಿಯ ದಾರದಂತೆ ನಯವಾಗಿತ್ತು. ಇನ್ನು ಕೆಲವದರಲ್ಲಿ ಸಾಸಿವೆಯಿಂದ ಹಿಡಿದು ಕಡಲೆಕಾಳಿನ ಗಾತ್ರದವರೆಗಿನ ಗಂಟುಗಳು ಒಂದಕ್ಕೊಂದು ಅಂಟಿ, ಕೂದಲಿನಂಥ ಸಣ್ಣ ಬೇರುಗಳೇ ಉಳಿದಿರಲಿಲ್ಲ. ಆ ಕುಂಡಗಳ ಸಂಖ್ಯೆಗಳನ್ನು ಮನೆಯ ನಕ್ಷೆಯ ಮೇಲೆ ಗುರುತಿಸಿದಾಗ ಬಾಗಿಲಿನ ಬಳಿಯ ಒಂದು ಮೂಲೆ ಎದ್ದು ಕಂಡಿತು. ಆ ಮೂಲೆಯನ್ನು ಪ್ರಯೋಗದಿಂದಲೇ ಹೊರಗಿಟ್ಟೆವು. ಉಳಿದ ಮಡಿಗಳಿಗೆ ಟ್ರೈಕೋಡರ್ಮಾ, ಸುಡೊಮೊನಾಸ್ ಎಂಬ ಉಪಕಾರಿ ಸೂಕ್ಷ್ಮಜೀವಿಗಳು ಮತ್ತು ಜಂತುಹುಳು ನಿಯಂತ್ರಿಸುವ ಪರ್ಪ್ಯುರಿಯೋಸಿಲಿಯಂ ಶಿಲೀಂಧ್ರ ಬೆರೆಸಿ ಕಳಿಯಲು ಬಿಟ್ಟ ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರ ಕೊಟ್ಟೆವು. ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ ಮಣ್ಣನ್ನು ಬಿಸಿಲಿಗೆ ಕಾಯಿಸುವುದು ಒಳ್ಳೆಯ ಕ್ರಮವೇ, ಆದರೆ ಅದಕ್ಕೆ ಏಪ್ರಿಲ್-ಮೇ ತಿಂಗಳ ಬಿಸಿಲಿನ ನಾಲ್ಕರಿಂದ ಆರು ವಾರ ಬೇಕು. ನವೆಂಬರಿನಲ್ಲಿ ಮಾಡಿದರೆ ಹಾಳೆಯ ಖರ್ಚಷ್ಟೇ.

ನೀರಿನದು ಇನ್ನೊಂದು ಕಥೆ. ಕೊಳವೆಬಾವಿಯ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದು ಹನಿ ನೀರಾವರಿಯ ಡ್ರಿಪ್ಪರ್‌ಗಳು ಸುಣ್ಣ ಕಟ್ಟಿಕೊಂಡಿದ್ದವು. ಗಂಟೆಗೆ 2 ಲೀಟರ್ ಕೊಡಬೇಕಾದ ಡ್ರಿಪ್ಪರ್ ಅರ್ಧ ಗಂಟೆಯಲ್ಲಿ 1 ಲೀಟರ್ ಕೊಡಬೇಕು. ಕೆಳಗೆ ಡಬ್ಬಿ ಇಟ್ಟು ಅಳೆದರೆ ಕೆಲವು 700 ಮಿಲಿಲೀಟರನ್ನೂ ಕೊಡುತ್ತಿರಲಿಲ್ಲ. ರಸಾವರಿಯಲ್ಲಿ (ನೀರಿನೊಂದಿಗೆ ಗೊಬ್ಬರ ಕೊಡುವ ಕ್ರಮ) ಗೊಬ್ಬರ ಹೋಗುವುದೂ ಇದೇ ಕೊಳವೆಯಲ್ಲಿ. ನೀರು ಕಡಿಮೆ ಬಿದ್ದ ಬಳ್ಳಿಗೆ ಗೊಬ್ಬರವೂ ಕಡಿಮೆ ಬೀಳುತ್ತದೆ. ಹಾಗಾದ ಮೇಲೆ ಎರಡು ತಳಿಗಳ ಹೋಲಿಕೆಗೆ ಏನರ್ಥ? ಆಮ್ಲ ಹಾಯಿಸಿ ತೊಳೆದು, ಸರಿಹೋಗದ ಕೊಳವೆಗಳನ್ನು ಬದಲಿಸಿ, ಮತ್ತೆ ಅಳೆದ ನಂತರವೇ ಮುಂದುವರಿದೆವು. ಕೊಳವೆ ಖರೀದಿಗೆ ಮೂರು ದರಪಟ್ಟಿ ಬೇಕೆಂಬ ಕಚೇರಿಯ ನಿಯಮದಿಂದ ಆದ ವಿಳಂಬವನ್ನು ಹೇಳಿ ಪ್ರಯೋಜನವಿಲ್ಲ. ದರಪಟ್ಟಿಗಳನ್ನು ರೂಪರೇಷೆ ಮಂಡಿಸುವ ದಿನವೇ ತರಿಸಿಟ್ಟುಕೊಳ್ಳುವುದು ಜಾಣತನ.

ಇನ್ನು ತಾಕುಗಳ, ಅಂದರೆ ಒಂದೊಂದು ತಳಿ ನೆಡುವ ತುಂಡು ಜಾಗಗಳ, ಹಂಚಿಕೆ. ಅಕ್ಕಪಕ್ಕದ ಮಡಿಗಳನ್ನು ಒಂದು ಗುಂಪೆಂದು ತೆಗೆದುಕೊಳ್ಳುವುದು ರೂಢಿ. ನಮ್ಮ ಮಡಿಗಳ ಒಂದು ತುದಿ ಪಕ್ಕದ ಪರದೆಯ ಬಳಿಯಿದ್ದರೆ ಇನ್ನೊಂದು ತುದಿ ಮನೆಯ ನಡುಭಾಗದಲ್ಲಿತ್ತು. ಮಧ್ಯಾಹ್ನ ಎರಡು ಗಂಟೆಗೆ ಥರ್ಮಾಮೀಟರ್ ಹಿಡಿದು ನಡೆದರೆ, ಒಂದು ಮಡಿಯಿಂದ ಇನ್ನೊಂದಕ್ಕೆ ಹೋಗುವಾಗ ಆಗುವ ವ್ಯತ್ಯಾಸಕ್ಕಿಂತ ಒಂದೇ ಮಡಿಯ ಈ ತುದಿಯಿಂದ ಆ ತುದಿಗೆ ಆಗುವ ವ್ಯತ್ಯಾಸ ದೊಡ್ಡದಿತ್ತು. ಆದ್ದರಿಂದ 8 ಮಡಿಗಳನ್ನು ಉದ್ದಕ್ಕೆ ಮೂರು ಭಾಗ ಮಾಡಿ, ಪರದೆಯ ಕಡೆಯ ಎಂಟು ತಾಕುಗಳು ಒಂದು ಗುಂಪು, ನಡುವಿನ ಎಂಟು ಇನ್ನೊಂದು, ಒಳಗಿನ ಎಂಟು ಮತ್ತೊಂದು ಎಂದು ಮಾಡಿಕೊಂಡೆವು. ಪ್ರತಿ ತಾಕು 4.5 ಮೀಟರ್ ಉದ್ದ. ಜೋಡಿ ಸಾಲಿನಲ್ಲಿ 60 ಸೆಂಟಿಮೀಟರ್‌ಗೆ 45 ಸೆಂಟಿಮೀಟರ್ ಅಂತರದಲ್ಲಿ 20 ಬಳ್ಳಿ. ಎರಡೂ ಬದಿಗೆ ಲೆಕ್ಕಕ್ಕಿಲ್ಲದ ಅಂಚಿನ ಮಡಿಗಳು. ಅಂಚಿನ ಬಳ್ಳಿಗೆ ಬೆಳಕು ಹೆಚ್ಚು, ಪೈಪೋಟಿ ಕಡಿಮೆ. ಅದನ್ನು ಅಳೆದರೆ ಇಳುವರಿ ಸುಳ್ಳು ಹೇಳುತ್ತದೆ. ಮನೆ ಸಣ್ಣದೆಂದು ಅಂಚಿನ ಸಾಲನ್ನೂ ಪ್ರಯೋಗಕ್ಕೆ ಸೇರಿಸಿಕೊಳ್ಳುವ ಆಸೆ ಬಂದೇ ಬರುತ್ತದೆ. ಬೇಕಿದ್ದರೆ ಒಂದು ತಳಿಯನ್ನು ಬಿಡಿ, ಅಂಚಿನ ಸಾಲನ್ನು ಬಿಡಬೇಡಿ.

ತಾಕುಗಳಿಗೆ ತಳಿಯ ಹೆಸರಿನ ಫಲಕ ಹಾಕದೆ ಸಂಕೇತ ಸಂಖ್ಯೆಯನ್ನಷ್ಟೇ ಬರೆದೆವು. ಪಾಲಿಹೌಸಿಗೆ ಕಂಪನಿಗಳ ಪ್ರತಿನಿಧಿಗಳು ಬಂದು 'ನಮ್ಮದು ಯಾವುದು ಮೇಡಂ' ಎಂದು ವಿಚಾರಿಸುವುದು ಉಂಟು. ಕೊಯ್ಲಿನ ಹೆಂಗಸರಿಗೂ ಯಾವುದೋ ಒಂದು ತಳಿಯ ಮೇಲೆ ಒಲವು ಹುಟ್ಟುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಕಾಯಿಯನ್ನು ಕಾಯಿಯಾಗಿ ನೋಡುತ್ತಾರೆ.

ಜನವರಿ ಕೊನೆಯಲ್ಲಿ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ತುಂಬಿದ ಪ್ರೋಟ್ರೇಗಳಲ್ಲಿ, ಅಂದರೆ ಗುಳಿಗಳಿರುವ ಸಸಿ ತಟ್ಟೆಗಳಲ್ಲಿ, ಬಿತ್ತಿ, ಎರಡು ನಿಜ ಎಲೆ ಬಂದ ಮೇಲೆ ನಾಟಿ ಮಾಡಿದೆವು. ಆ ದಿನಗಳ ರಾತ್ರಿ ಚಳಿಗೆ ಮೊಳಕೆ ನಿಧಾನವಾಗಿ, ಎಂಟು ತಳಿಗಳೂ ಒಂದೇ ದಿನ ನಾಟಿಗೆ ಸಿದ್ಧವಾಗಲಿಲ್ಲ. ಎರಡು ತಳಿ ಹಿಂದೆ ಬಿದ್ದವು. ಎಲ್ಲವನ್ನೂ ಒಂದೇ ದಿನ ನೆಟ್ಟು, 'ಮೊದಲ ಕೊಯ್ಲಿಗೆ ಹಿಡಿದ ದಿನ'ವನ್ನು ಬಿತ್ತನೆಯ ದಿನದಿಂದಲೇ ಎಣಿಸಿದೆವು. ನಾಟಿಯಿಂದ ಎಣಿಸುವ ಪ್ರಬಂಧಗಳೂ ಇವೆ, ಬಿತ್ತನೆಯಿಂದ ಎಣಿಸುವವೂ ಇವೆ. ಹೋಲಿಸುವ ಮೊದಲು ಇದನ್ನು ನೋಡಿಕೊಳ್ಳದಿದ್ದರೆ ಒಂದೇ ತಳಿ ಒಂದು ಕಡೆ ಎರಡು ವಾರ ಬೇಗ ಬಂದಂತೆ ಕಾಣುತ್ತದೆ.

ಬಳ್ಳಿ ಏರಲು ಶುರುವಾದ ಮೇಲೆ ದಿನನಿತ್ಯದ ಕೆಲಸ ಬಿಡುವು ಕೊಡುವುದಿಲ್ಲ. ಮೇಲಿನ ತಂತಿಯಿಂದ ಇಳಿಬಿಟ್ಟ ಹುರಿಗೆ ಬಳ್ಳಿಯನ್ನು ಎರಡು ದಿನಕ್ಕೊಮ್ಮೆ ಸುತ್ತಬೇಕು, ಪಕ್ಕದ ಕವಲು ಚಿವುಟಬೇಕು, ನುಲಿಬಳ್ಳಿ ತೆಗೆಯಬೇಕು, ಕೆಳಗಿನ ನಾಲ್ಕೈದು ಗೆಣ್ಣುಗಳ ಹೂ ಕೀಳಬೇಕು. ಆ ಹೂಗಳನ್ನು ಬಿಟ್ಟರೆ ಮೊದಲ ಕೊಯ್ಲೇನೋ ಬೇಗ ಸಿಗುತ್ತದೆ, ಬಳ್ಳಿ ಅಲ್ಲಿಗೇ ಸೊರಗುತ್ತದೆ. ಇಲ್ಲೊಂದು ತಕರಾರಿದೆ: ಕೆಲವು ತಳಿಗಳಿಗೆ ಕಂಪನಿಯವರು ಹೇಳುವ ಸವರುವಿಕೆ ಬೇರೆ. ಎಲ್ಲಕ್ಕೂ ಒಂದೇ ಕ್ರಮ ಅನುಸರಿಸಿದರೆ ಆ ತಳಿಗೆ ಅನ್ಯಾಯವಾಗಬಹುದು, ಒಂದೊಂದಕ್ಕೆ ಒಂದೊಂದು ಕ್ರಮವಾದರೆ ಹೋಲಿಕೆಯೇ ಉಳಿಯುವುದಿಲ್ಲ. ನಾವು ಒಂದೇ ಕ್ರಮ ಇಟ್ಟುಕೊಂಡು ಅದನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆದೆವು. ಮೌಖಿಕ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದೇ ಬಂತು.

ಪ್ರತಿ ತಾಕಿನ ಒಳಭಾಗದ ಐದು ಬಳ್ಳಿಗಳಿಗೆ ಗುರುತಿನ ಚೀಟಿ ಕಟ್ಟಿ, ಬಳ್ಳಿಯ ಉದ್ದ, ಮೊದಲ ಹೆಣ್ಣು ಹೂ ಬಿಟ್ಟ ಗೆಣ್ಣು, ಹೂ ಬಿಡಲು ಹಿಡಿದ ದಿನ, ಕಾಯಿಗಳ ಸಂಖ್ಯೆ, ತೂಕ, ಉದ್ದ, ಸುತ್ತಳತೆ, ತಿರುಳಿನ ದಪ್ಪ ಎಂದು ದಾಖಲಿಸುತ್ತ ಹೋದೆ. ಇವುಗಳಲ್ಲಿ ಕಾಯಿಯ ಸರಾಸರಿ ತೂಕ ಎಂಬ ಅಂಕಿಯನ್ನು ನಂಬುವ ಮೊದಲು ಯೋಚಿಸಬೇಕು. ಸೌತೆಯ ಕಾಯಿ ಬಿಟ್ಟಷ್ಟೂ ಬೆಳೆಯುತ್ತದೆ. 14ರಿಂದ 16 ಸೆಂಟಿಮೀಟರ್ ಇದ್ದಾಗ ಕೊಯ್ಯಬೇಕಾದ್ದನ್ನು ಬೇಸಿಗೆಯಲ್ಲಿ ಒಂದು ದಿನ ತಡಮಾಡಿದರೆ ಅಂಗೈಗೆ ಸಿಗದಷ್ಟು ದಪ್ಪವಾಗುತ್ತದೆ. ಹೀಗಾಗಿ ಆ ತೂಕವನ್ನು ತಳಿಗಿಂತ ಹೆಚ್ಚಾಗಿ ಕೊಯ್ಯುವವರ ಕೈ ನಿರ್ಧರಿಸುತ್ತದೆ. ಯುಗಾದಿಗೆ ಕೂಲಿಯವರು ಬಾರದೆ ಒಂದು ಕೊಯ್ಲು ತಡವಾದಾಗ ಎಲ್ಲ ತಳಿಗಳ ಸರಾಸರಿ ತೂಕವೂ ಒಮ್ಮೆಗೇ ಮೇಲೇರಿದ್ದು ನನ್ನ ದಾಖಲೆ ಪುಸ್ತಕದಲ್ಲಿ ಈಗಲೂ ಕಾಣುತ್ತದೆ. ಕೊಯ್ಲಿನ ಹದಕ್ಕೆ ಒಂದು ಅಳತೆ ಗೊತ್ತುಮಾಡಿ, ಅಷ್ಟುದ್ದದ ಕಡ್ಡಿಯೊಂದನ್ನು ಕೊಯ್ಯುವವರ ಕೈಗೆ ಕೊಟ್ಟುಬಿಡುವುದು ಉತ್ತಮ.

ಕೊಯ್ಲಿಗೆ ಬರುತ್ತಿದ್ದ ಹಿರಿಯಾಕೆಯೊಬ್ಬರು ಒಂದು ದಿನ ಬುಟ್ಟಿ ಇಳಿಸುತ್ತ, "ಈ ಆರನೇ ನಂಬರ್ದು ಕಾಯಿ ಬಾಗ್ಕೊಂಡ್ ಬತ್ತಾವೆ ಮೇಡಂ, ಕ್ರೇಟ್ನಾಗೆ ಒತ್ತಾಗಿ ಕೂರಾಕಿಲ್ಲ" ಎಂದರು. ನನ್ನ ಪಟ್ಟಿಯಲ್ಲಿ ತೂಕವಿತ್ತು, ಉದ್ದವಿತ್ತು. ಕಾಯಿ ನೆಟ್ಟಗಿದೆಯೇ ಎಂಬ ಅಂಕಣವೇ ಇರಲಿಲ್ಲ, ನಾನು ಓದಿದ್ದ ಪ್ರಬಂಧಗಳಲ್ಲೂ ಅಪರೂಪ. ಮಂಡಿಯಲ್ಲಿ ಮೊದಲು ನೋಡುವುದು ಅದನ್ನೇ. ಆ ವಾರದಿಂದ ಮಾರಾಟಯೋಗ್ಯ ಮತ್ತು ಬಾಗಿದ, ನಡು ಸಣಕಲಾದ, ಗಾಯವಾದ ಕಾಯಿಗಳನ್ನು ಬೇರೆ ಬೇರೆ ತೂಗತೊಡಗಿದೆವು. ಒಟ್ಟು ಇಳುವರಿಯಲ್ಲಿ ಮೇಲಿದ್ದ ಆ ಆರನೆಯ ತಳಿ ಮಾರಾಟಯೋಗ್ಯ ಇಳುವರಿಯಲ್ಲಿ ಕೆಳಗಿಳಿಯಿತು.

ಮಾರ್ಚ್ ಮಧ್ಯದಿಂದ ಬಿಸಿಲು ತನ್ನ ಕೆಲಸ ಆರಂಭಿಸಿತು. ಸೌತೆಗೆ ಹಗಲು 25ರಿಂದ 28 ಡಿಗ್ರಿ ಹಿತ. ಒಳಗೆ 38 ದಾಟಿದ ದಿನಗಳಲ್ಲಿ ಪೀಚುಗಳು ತುದಿಯಿಂದ ಹಳದಿಯಾಗಿ ಒಣಗುತ್ತಿದ್ದವು. ನೆರಳುಪರದೆ ಎಳೆದು ಮಂಜುಹನಿ ಸಿಂಪರಣೆ ನಡೆಸೋಣವೆಂದರೆ ತ್ರೀಫೇಸ್ ವಿದ್ಯುತ್ ಸರದಿಯ ಮೇಲೆ ಬರುತ್ತದೆ, ಎಷ್ಟೋ ದಿನ ಅದು ರಾತ್ರಿಯದ್ದೇ ಆಗಿರುತ್ತಿತ್ತು. ಮೊದಲ ತಿಂಗಳು ಮುಂದಿದ್ದ ಎರಡು ತಳಿಗಳು ಈ ಹಂತದಲ್ಲಿ ಹಿಂದೆ ಬಿದ್ದವು. ನಿಧಾನವಾಗಿ ಶುರುವಾದ ಒಂದು ತಳಿ ಬಿಸಿಲಿನಲ್ಲೂ ಕಾಯಿ ಕೊಡುತ್ತಲೇ ಇತ್ತು. ಜನವರಿಯ ಬದಲು ಜುಲೈನಲ್ಲಿ ಬಿತ್ತಿದ್ದರೆ ಈ ಕ್ರಮ ಬೇರೆಯಾಗುತ್ತಿತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಅಖಿಲ ಭಾರತ ಸಮನ್ವಿತ ತರಕಾರಿ ಸಂಶೋಧನಾ ಯೋಜನೆಯಲ್ಲಿ ಒಂದು ತಳಿಯನ್ನು ಹಂತ ಹಂತವಾಗಿ ಮೂರು ವರ್ಷ, ಹಲವು ಕೇಂದ್ರಗಳಲ್ಲಿ ನೋಡಿಯೇ ಶಿಫಾರಸು ಮಾಡುವುದು ಇದೇ ಕಾರಣಕ್ಕೆ. ಒಂದು ಹಂಗಾಮಿನ ಪ್ರಬಂಧಕ್ಕೆ ಆ ಅಧಿಕಾರವಿಲ್ಲ. ನನ್ನ ತಳಿಗಳ ಹೆಸರು ಹಿಡಿದು ಯಾವುದು ಮೇಲು, ಯಾವುದು ಕೀಳು ಎಂದು ಇಲ್ಲಿ ಬರೆಯದಿರುವುದೂ ಅದಕ್ಕಾಗಿಯೇ.

ರೋಗಗಳಲ್ಲಿ ಬೂದಿ ರೋಗ ಮೊದಲು ಬಂತು. ಏಪ್ರಿಲಿನ ಅಕಾಲಿಕ ಮಳೆಯ ಬೆನ್ನಿಗೆ, ಎಲೆಯ ನರಗಳ ನಡುವೆ ಮೂಲೆ ಕತ್ತರಿಸಿದಂಥ ಹಳದಿ ಚುಕ್ಕೆಗಳೊಂದಿಗೆ ಬೂಜು ತುಪ್ಪಟ ರೋಗ ಕಾಣಿಸಿಕೊಂಡಿತು. ಔಷಧಿ ಹೊಡೆದರೆ ತಳಿಗಳ ನಿರೋಧಕ ಶಕ್ತಿ ತಿಳಿಯುವುದಿಲ್ಲ, ಹೊಡೆಯದಿದ್ದರೆ ಇಳುವರಿಯ ಅಂಕಿಗಳು ಕೈಬಿಡುತ್ತವೆ. ಮೊದಲು ಎಲ್ಲ ತಾಕುಗಳ ರೋಗತೀವ್ರತೆಯನ್ನು ದಾಖಲಿಸಿ, ಮರುದಿನವೇ ಎಲ್ಲಕ್ಕೂ ಸಮನಾಗಿ ಸಿಂಪಡಿಸುವುದೆಂದು ಸಮಿತಿ ಸೂಚಿಸಿತು.

ಬೆಳೆ ಮುಗಿದ ಮೇಲೆ ಲೆಕ್ಕ. ಬಳ್ಳಿಯೊಂದಕ್ಕೆ 4 ಕೆಜಿ ಸಿಕ್ಕಿತೆಂದುಕೊಳ್ಳಿ, ಅದನ್ನು 1000 ಚದರ ಮೀಟರ್‌ಗೆ ಪರಿವರ್ತಿಸುವಾಗ ಆಗುವ ಗೊಂದಲವನ್ನು ಎಲ್ಲರೂ ತಿಳಿದಿರಬೇಕು. ನನ್ನ 20 ಬಳ್ಳಿಗಳ ತಾಕು 4.5 ಮೀಟರ್ ಉದ್ದ, 1 ಮೀಟರ್ ಅಗಲ. ಮಡಿಯನ್ನಷ್ಟೇ ಲೆಕ್ಕ ಹಿಡಿದರೆ ಚದರ ಮೀಟರ್‌ಗೆ 4.4 ಬಳ್ಳಿ, ಅರ್ಧ ಮೀಟರ್ ಕಾಲುದಾರಿಯನ್ನೂ ಸೇರಿಸಿದರೆ 3ಕ್ಕಿಂತ ಸ್ವಲ್ಪ ಕಡಿಮೆ. ಅದೇ ಬಳ್ಳಿ, ಅದೇ ಕಾಯಿ. ಮೊದಲ ಲೆಕ್ಕದಲ್ಲಿ 17 ಟನ್ನಿಗೂ ಮೇಲೆ, ಎರಡನೆಯದರಲ್ಲಿ 12 ಟನ್ನಿಗೂ ಕೆಳಗೆ. ಕರಪತ್ರಗಳಲ್ಲಿ ಎಕರೆಗಿಷ್ಟು ಟನ್ ಎಂದು ಓದಿ ಸಾಲ ಮಾಡುವ ಮೊದಲು ರೈತರು ಬಳ್ಳಿಯೊಂದರ ಇಳುವರಿ ಎಷ್ಟೆಂದು ಕೇಳಿ, ತಮ್ಮ ಮನೆಯಲ್ಲಿ ನಿಜಕ್ಕೂ ಹಿಡಿಸುವ ಬಳ್ಳಿಗಳ ಸಂಖ್ಯೆಯಿಂದ ಗುಣಿಸಿಕೊಳ್ಳಲಿ.

ಅಂಕಿಗಳ ವಿಶ್ಲೇಷಣೆಯನ್ನು ಹಿಸಾರದ ಹರಿಯಾಣ ಕೃಷಿ ವಿಶ್ವವಿದ್ಯಾಲಯದ ಆಪ್‌ಸ್ಟ್ಯಾಟ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಉಚಿತವಾಗಿ ಮಾಡಿಕೊಂಡೆ. ಇಳುವರಿಯಲ್ಲಿ ಮೊದಲ ಮೂರು ತಳಿಗಳ ನಡುವಿನ ಅಂತರ ಕ್ರಿಟಿಕಲ್ ಡಿಫರೆನ್ಸ್ (ವ್ಯತ್ಯಾಸ ಆಕಸ್ಮಿಕವಲ್ಲ ಎನ್ನಲು ಬೇಕಾದ ಕನಿಷ್ಠ ಅಂತರ) ಮೌಲ್ಯಕ್ಕಿಂತ ಕಡಿಮೆಯಿತ್ತು, ಅಂದರೆ ಮೂರೂ ಸರಿಸಮಾನ. ಒಂದು ವರ್ಷ ದುಡಿದ ಮೇಲೆ 'ಗೆದ್ದದ್ದು ಯಾರೆಂದು ಹೇಳಲಾಗದು' ಎಂದು ಬರೆಯಬೇಕಾದಾಗ ನಿರಾಸೆಯಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಮ್ಮ ಮಾರ್ಗದರ್ಶಕರು ಮಾತ್ರ ಅದನ್ನು ಓದಿ, "ಹಾಗೇ ಇರಲಿ, ಅಕ್ಷರ ಬದಲಿಸಬೇಡಮ್ಮ" ಎಂದರು. ಮೂರರಲ್ಲಿ ಬೇಗ ಕೊಯ್ಲಿಗೆ ಬರುವುದು ಒಂದು, ಬೀಜ ಅಗ್ಗವಿರುವುದು ಇನ್ನೊಂದು, ಬೂದಿ ರೋಗ ಕಡಿಮೆ ತಗಲಿದ್ದು ಮತ್ತೊಂದು. ರೈತನ ಆಯ್ಕೆಗೆ ಇಷ್ಟು ಸಾಕಾಗುತ್ತದೆ.

ಪ್ರಬಂಧ ಬರೆಯುವ ಹಂತದಲ್ಲಿ ಕಾಗದಪತ್ರಗಳ ಎರಡನೇ ಸುತ್ತು ಬರುತ್ತದೆ. ಕೃತಿಚೌರ್ಯದ ತಪಾಸಣೆಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದಂತೆ ಹೋಲಿಕೆ ಶೇ 10ರೊಳಗಿರಬೇಕು. ವಿಧಾನದ ಅಧ್ಯಾಯದಲ್ಲಿ ಎಲ್ಲರೂ ಒಂದೇ ವಾಕ್ಯಗಳನ್ನು ಬರೆಯುವುದರಿಂದ ಅಲ್ಲಿಯೇ ಶೇಕಡಾವಾರು ಏರುತ್ತದೆ. ನೀವು ನಿಜವಾಗಿ ಮಾಡಿದ್ದನ್ನು ಬರೆದರೆ ತಾನಾಗಿಯೇ ಇಳಿಯುತ್ತದೆ. ಪ್ರಬಂಧ ಹೊರಗಿನ ಪರೀಕ್ಷಕರಿಗೆ ಹೋದ ಮೇಲೆ ಕಾಯುವುದೊಂದೇ ಕೆಲಸ, ವಾರಗಳು ತಿಂಗಳುಗಳಾಗಬಹುದು. ಆ ಅವಧಿಗೆ ಹಾಸ್ಟೆಲ್ ಕೊಠಡಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಡಿ. ನನ್ನ ಕೈಯಿಂದ ಹೆಚ್ಚು ಖರ್ಚಾದದ್ದು ಬೀಜಕ್ಕೆ, ಅದರ ನಂತರ ಕೊಯ್ಲಿನ ದಿನಗಳ ಹೆಚ್ಚುವರಿ ಕೂಲಿಗೆ. ಮುದ್ರಣ ಮತ್ತು ರಟ್ಟು ಕಟ್ಟಿಸುವುದಕ್ಕೆ ನಾನು ಹೆದರಿದ್ದಷ್ಟು ಆಗಲಿಲ್ಲ.

ತಮ್ಮ ಪಾಲಿಹೌಸಿನಲ್ಲೇ ಹೋಲಿಕೆ ಮಾಡಲು ಬಯಸುವ ರೈತರಿಗೆ ಎಂಟು ತಳಿ, ಸಂಖ್ಯಾಶಾಸ್ತ್ರ ಯಾವುದೂ ಬೇಡ. ಈಗ ಹಾಕುತ್ತಿರುವ ತಳಿಯೊಂದು, ಹೊಸದೊಂದು ಸಾಕು. ಅರ್ಧ ಮನೆಗೆ ಇದು, ಇನ್ನರ್ಧಕ್ಕೆ ಅದು ಎಂದು ಮಾತ್ರ ಹಾಕಬೇಡಿ. ಒಂದು ಮಡಿ ಬಿಟ್ಟು ಒಂದು ಮಡಿಯಂತೆ ನಾಲ್ಕಾರು ಕಡೆ ಹಾಕಿ, ಅಂಚಿನ ಮಡಿಗಳನ್ನು ಲೆಕ್ಕಕ್ಕೆ ಹಿಡಿಯದೆ, ಮಂಡಿಗೆ ಹೋದ ಕ್ರೇಟುಗಳನ್ನಷ್ಟೇ ಮಡಿವಾರು ಬರೆದಿಡಿ. ಹೊಸ ತಳಿ ಪ್ರತಿ ಜೋಡಿಯಲ್ಲೂ ಮುಂದಿದ್ದರೆ ಮುಂದಿನ ಹಂಗಾಮಿಗೆ ಅದರ ಪಾಲು ಹೆಚ್ಚಿಸಬಹುದು, ಎರಡು ಜೋಡಿಯಲ್ಲಿ ಮುಂದಿದ್ದು ಉಳಿದೆರಡರಲ್ಲಿ ಹಿಂದಿದ್ದರೆ ಹೆಚ್ಚಿನ ಬೆಲೆ ಕೊಟ್ಟು ಆ ಬೀಜ ಕೊಳ್ಳಲು ಕಾರಣವಿಲ್ಲ. ಬೆಳೆ ಕಿತ್ತ ದಿನ ಪ್ರತಿ ಮಡಿಯಿಂದ ನಾಲ್ಕಾರು ಬೇರುಗಳನ್ನು ತೊಳೆದು ನೋಡಿ, ಗಂಟು ಕಂಡ ಮಡಿಯ ಸಂಖ್ಯೆಯನ್ನೂ ಅದೇ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.